ನೀಲಿ ಚುಕ್ಕಿ ನಂಬಿ ಬದು ಒಡೆಯಬೇಡ್ರಪ್ಪಾ

ನಿನ್ನೆ ಯಲಬುರ್ಗಾ ಕಡೆಯ ಒಂದು ಹೊಲದಲ್ಲಿ ನೋಡಿದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಬರೆಯದಿದ್ದರೆ ಬಿಪಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಎರೆ ಹೊಲ. ನಡುವೆ ಹಳೇ ಬದು, ಅದರ ಮೇಲೆ ಸಾಲಾಗಿ ಜಾಲಿ ಗಿಡ. ಪಕ್ಕದಲ್ಲಿ ಜೆಸಿಬಿ ನಿಂತಿದೆ, ಇಂಜಿನ್ ಚಾಲೂ. ಒಬ್ಬ ಹುಡುಗ ಮೊಬೈಲನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆಯುತ್ತಿದ್ದಾನೆ. "ಕಾಕಾ, ನಿಮ್ಮ ಬದು ಪೂರಾ ನಮ್ಮ ನಂಬರಿನ್ಯಾಗ ಐತಿ ನೋಡ್ರಿ. ಇಲ್ಲೇ ಗೆರಿ ಕಾಣಾಕತ್ತೈತಿ."

ಕಾಕಾ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಹುಡುಗ ನಿಂತಲ್ಲೇ ನಿಂತಿದ್ದ. ಅವನು ನಿಂತ ಜಾಗ ತೋರಿಸುವ ಮ್ಯಾಪಿನ ನೀಲಿ ಚುಕ್ಕಿ ಮಾತ್ರ ಮೆಲ್ಲಗೆ ಕಾಕಾನ ಹೊಲಕ್ಕೆ ಹೋಯಿತು, ಮತ್ತೆ ಹುಡುಗನ ಹೊಲಕ್ಕೆ ಬಂತು.

"ನೀ ಇಲ್ಲೇ ನಿಂತೀಯಲ್ಲೋ ತಮ್ಮಾ, ಅದ್ಯಾಕ ಅಡ್ಡಾಡಾಕತ್ತೈತಿ?"

ಇಷ್ಟು ಚೆಂದದ ಪ್ರಶ್ನೆಯನ್ನು ಕಾಲೇಜು ಓದಿದವರೂ ಕೇಳಿದ್ದು ನಾನು ಕಂಡಿಲ್ಲ. ನನ್ನ ಹಳೇ ಕೆಲಸ ಗೊತ್ತಿರುವವರಿಗೆ ನನ್ನ ಸಿಟ್ಟು ಅರ್ಥವಾಗುತ್ತದೆ. ಹೊಲ ಅಳೆಯುವ ಚೈನು ಎಳೆದು ಬಿಸಿಲಲ್ಲಿ ಅಲೆದವನು ನಾನು.

ಮೊಬೈಲಿನ ಜಿಪಿಎಸ್ ಮಾಡುವುದು ಇಷ್ಟೇ. ಸುಮಾರು 20 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳ ಸಿಗ್ನಲ್ ಬರಲು ಎಷ್ಟು ಸಮಯ ಹಿಡಿಯಿತು ಎಂದು ನೋಡಿ, ಕನಿಷ್ಠ ನಾಲ್ಕು ಉಪಗ್ರಹಗಳ ಲೆಕ್ಕ ಕೂಡಿಸಿ, ನೀನು ಇಲ್ಲಿದ್ದೀಯ ಎನ್ನುತ್ತದೆ. ಬಯಲಲ್ಲಿ ನಿಂತರೂ 5 ಮೀಟರ್ ಆಚೀಚೆ ಆಗುವುದು ಮಾಮೂಲು. ಗಿಡದ ಕೆಳಗೆ, ಗೋಡೆಯ ಪಕ್ಕ ಇನ್ನೂ ಜಾಸ್ತಿ. 5 ಮೀಟರ್ ಅಂದರೆ 16 ಅಡಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ಅರ್ಧ ಗುಂಟೆಯಷ್ಟು ಅಗಲ ಆ ಚುಕ್ಕಿಯ ಹೊಟ್ಟೆಯಲ್ಲೇ ಹೋಯಿತು! 660 ಅಡಿ ಉದ್ದದ ಬದು 16 ಅಡಿ ಸರಿದರೆ ಹತ್ತಿರ ಹತ್ತಿರ 10 ಗುಂಟೆ. ಕಾಲು ಎಕರೆ ಎರೆ ಭೂಮಿಯನ್ನು ಸುಮ್ನೆ ಬಿಟ್ಟುಕೊಡುವ ಗಂಡಸು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಇದು ಚುಕ್ಕಿಯ ಕಥೆ. ಮ್ಯಾಪಿನಲ್ಲಿ ಸರ್ವೆ ನಂಬರಿನ ಗಡಿ ಎಂದು ಕಾಣುವ ಗೆರೆಯ ಕಥೆ ಬೇರೆ. ನಮ್ಮ ಕೊಪ್ಪಳ, ರಾಯಚೂರು ಕಡೆ ಹಳೇ ಅಳತೆ ನಿಜಾಮರ ಕಾಲದ್ದು. ಉರ್ದು ದಾಖಲೆ, ಚೈನಿನ ಅಳತೆ, ಮಡಚಿ ಮಡಚಿ ಹರಿದ ಗ್ರಾಮ ನಕಾಶೆ. ಅಂಥ ಕಾಗದವನ್ನು ಸ್ಕ್ಯಾನ್ ಮಾಡಿ, ಗೆರೆ ಎಳೆದು, ಉಪಗ್ರಹದ ಚಿತ್ರದ ಮೇಲೆ ಕೂಡಿಸುತ್ತಾರೆ. ಕೂಡಿಸುವಾಗ ಒಂದಿಷ್ಟು ಸರಿಯುತ್ತದೆ. ಗೆರೆ ಯಾರದೋ ಮನೆಯ ಅಡುಗೆಮನೆ ದಾಟಿ ಹೋದದ್ದೂ ಉಂಟು. ಸರಿದ ಗೆರೆ, ಅಲೆಯುವ ಚುಕ್ಕಿ. ಇವೆರಡನ್ನು ನಂಬಿ ಜೆಸಿಬಿ ಕರೆಸುತ್ತಾರೆ ಮಹಾನುಭಾವರು.

ಸಿನಿಮಾದವರದೂ ಪಾಲಿದೆ ಬಿಡಿ. ಪೊಲೀಸ್ ಅಧಿಕಾರಿ "ಟ್ರೇಸ್ ಮಾಡ್ರೀ" ಎಂದ ಕೂಡಲೇ ಕೆಂಪು ಚುಕ್ಕಿ ಕಳ್ಳನ ಬಾಗಿಲಿಗೇ ಬಂದು ನಿಲ್ಲುತ್ತದೆ. ಅದನ್ನು ನೋಡಿ ಬೆಳೆದವರು ತಮ್ಮ ಮೊಬೈಲೂ ಹಾಗೇ ಎಂದುಕೊಂಡಿದ್ದಾರೆ.

"ಅಣ್ಣಾ, ಹೊಸದು ಬಂದರೆ ನಿಮ್ಮಂಥವರಿಗೆ ಹೊಟ್ಟೆ ಉರಿ" ಅನ್ನುವವರು ಇರುತ್ತಾರೆ, ಗೊತ್ತು. ಸರ್ಕಾರದ ದಿಶಾಂಕ್ ಆ್ಯಪ್ ಬಂದಮೇಲೆ ನಿಂತ ಜಾಗದ ಸರ್ವೆ ನಂಬರ್ ಬೆರಳ ತುದಿಗೆ ಬಂದಿದೆ. ಪ್ಲಾಟ್ ಕೊಳ್ಳುವವರು ಅದು ಕೆರೆಯೋ, ಹಳ್ಳವೋ, ಸರ್ಕಾರಿ ಜಾಗವೋ ಎಂದು ಮೊದಲೇ ನೋಡಿಕೊಳ್ಳಬಹುದು. ದಲ್ಲಾಳಿ ತೋರಿಸಿದ್ದೇ ಹೊಲ ಎನ್ನುವ ಕಾಲ ಹೋಯಿತು. ಎಲ್ಲಾ ಒಪ್ಪಿದೆ. ಅದು ಜಾಗ ಗುರುತಿಸಲು ಇರುವುದು, ಗಡಿ ಹಾಕಲು ಅಲ್ಲ. ಸರ್ವೆಯರ್ ಬರುವುದು ತಡ ಅಂತೀರಾ? ತಡವೇ. ಹಾಗಂತ ಡಾಕ್ಟರ್ ಬರುವುದು ತಡವಾದರೆ ನೀವೇ ಬ್ಲೇಡ್ ಹಿಡಿಯುತ್ತೀರಾ?

ಇನ್ನೊಂದು ಹೇಳಿಬಿಡುತ್ತೇನೆ, ನಗಬೇಡಿ. ರಾತ್ರಿ ನಿದ್ದೆ ಬರದಿದ್ದರೆ ನಾನೂ ಮೊಬೈಲಿನಲ್ಲಿ ಮ್ಯಾಪ್ ತೆಗೆದು ನಮ್ಮ ಹೊಲ ನೋಡುತ್ತೇನೆ. ಅಪ್ಪನ ಆಸ್ಪತ್ರೆ ಖರ್ಚಿಗೆ ಮಾರಿದ ಹೊಲ. ಕೊಂಡವರು ಬಾವಿ ಪಕ್ಕದ ಬೇವಿನ ಮರ ಕಡಿದು ಬಹಳ ದಿನವಾಯಿತು. ಉಪಗ್ರಹದ ಚಿತ್ರ ಹಳೆಯದು, ಅದರಲ್ಲಿ ಮರ ಇನ್ನೂ ಇದೆ. ಹಾಗಾಗಿ ಮ್ಯಾಪ್ ಮೇಲೆ ನನಗೇನೂ ದ್ವೇಷವಿಲ್ಲ. ದ್ವೇಷ ಇರುವುದು ಜೆಸಿಬಿಗೆ ಫೋನ್ ಮಾಡುವವರ ಮೇಲೆ.

ತಕರಾರು ಇದೆಯಾ? ಹದ್ದುಬಸ್ತಿಗೆ, ಅಂದರೆ ಹೊಲ ಅಳೆದು ಗಡಿ ಗುರುತಿಸಿ ಕೊಡಿ ಎಂದು, ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಎಲ್ಲರ ಎದುರು ಅಳತೆ ಆಗುತ್ತದೆ, ಕಲ್ಲು ನೆಡುತ್ತಾರೆ. ಈಗ ರೋವರ್ ಎಂಬ ಉಪಕರಣವಿದೆ. ಅದೂ ಉಪಗ್ರಹದಿಂದಲೇ ಅಳೆಯುತ್ತದೆ. ಆದರೆ ನೆಲದ ಮೇಲೆ ಕಾಯಂ ಆಗಿ ಕೂರಿಸಿದ ಸ್ಟೇಷನ್ನಿನಿಂದ ತಪ್ಪನ್ನು ತಿದ್ದಿಕೊಂಡು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ಇದನ್ನೆಲ್ಲ ಆ ಹುಡುಗನಿಗೆ ಬಿಡಿಸಿ ಹೇಳಿದೆ. "ಹಂಗಾದ್ರ ಆ ರೋವರ್ ಆ್ಯಪ್ ಹೆಸರು ಹೇಳ್ರಿ, ಡೌನ್‌ಲೋಡ್ ಮಾಡ್ಕೊಂತೀನಿ" ಅಂದ. ಹಣೆ ಚಚ್ಚಿಕೊಂಡೆ.

ಜೆಸಿಬಿ ನಿನ್ನೆ ವಾಪಸ್ ಹೋಯಿತು. ನನ್ನ ಮಾತಿಗೆ ಬೆಲೆ ಕೊಟ್ಟು ಅಲ್ಲ, ಮೊಬೈಲಿನ ಚಾರ್ಜ್ ಖಾಲಿಯಾಯಿತು. ಇವತ್ತು ಪವರ್ ಬ್ಯಾಂಕ್ ತರುತ್ತಾನಂತೆ.

ದಯವಿಟ್ಟು ಕಾಮೆಂಟಿನಲ್ಲಿ ಸ್ಕ್ರೀನ್‌ಶಾಟ್ ಹಾಕಿ "ಅಣ್ಣಾ, ಈ ಗೆರಿ ಕರೆಕ್ಟ್ ಐತೇನ್ರಿ?" ಎಂದು ಕೇಳಬೇಡಿ. ಬ್ಲಾಕ್ ಮಾಡುತ್ತೇನೆ.