ಕಂಪ್ಯೂಟರಿಗೆ ತಿಗಣೆ ಹತ್ತಿದ್ದು

ಸ್ಕ್ರೀನಿನ ಬಲಗಡೆಯ ಕೆಳಮೂಲೆಯಿಂದ ಒಂದು ಚೌಕ ಮೆಲ್ಲಗೆ ಮೇಲೆದ್ದು ‘ಹದಿನೈದೇ ದಿನದಲ್ಲಿ ಹೊಟ್ಟೆ ಕರಗಿಸಿ’ ಎಂದಾಗ ನಾನು ಮೊದಲು ಮಾಡಿದ ಕೆಲಸ, ಹೊಟ್ಟೆಯನ್ನು ಒಳಗೆಳೆದುಕೊಂಡದ್ದು. ಎದುರಿಗಿರುವುದು ಬರೀ ಕಂಪ್ಯೂಟರು ಎಂದು ನೆನಪಾಗಿ ಉಸಿರು ಬಿಡುವಷ್ಟರಲ್ಲಿ ಎರಡನೆಯ ಚೌಕ ಬಂತು. ನನ್ನ ಯಂತ್ರದಲ್ಲಿ ಐದು ವೈರಸ್‌ಗಳಿವೆಯಂತೆ, ತಡಮಾಡದೆ ಇಲ್ಲಿ ಒತ್ತಬೇಕಂತೆ. ಮೂರನೆಯದು ಬರುವಾಗ ಹೆಂಡತಿ ಕಾಫಿ ಲೋಟ ಹಿಡಿದು ಬೆನ್ನ ಹಿಂದೆ ನಿಂತಿದ್ದಳು. ಮುಂಬಯಿ ಹತ್ತಿರದ, ರೈಲುಹಳಿಯಿಂದ ಈಸ್ಟು ವೆಸ್ಟು ಎಂದು ಎರಡಾದ ನಮ್ಮ ಡೊಂಬಿವಲಿಯ ಆಸುಪಾಸಿನಲ್ಲೇ ಇರುವ ಒಬ್ಬಾಕೆ ನನ್ನ ಸ್ನೇಹಕ್ಕಾಗಿ ಕಾದಿದ್ದಾಳೆ ಎಂದು ಅದರಲ್ಲಿತ್ತು. ಹೆಂಡತಿ ಲೋಟ ಕೆಳಗಿಟ್ಟು, ಕನ್ನಡಕ ಹುಡುಕಿ ಹಾಕಿಕೊಂಡು, ಎರಡೆರಡು ಸಲ ಓದಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಈಸ್ಟೋ ವೆಸ್ಟೋ?”

ನಮ್ಮ ಕಂಪ್ಯೂಟರಿಗೆ ಆ್ಯಡ್‌ವೇರ್ (ಕೇಳದೆ ಒಳಹೊಕ್ಕು ಜಾಹೀರಾತು ತೋರಿಸುವ ಪ್ರೋಗ್ರಾಂ) ಹತ್ತಿದ್ದು ಹೀಗೆ ಬೆಳಕಿಗೆ ಬಂತು. ಆ ಹೆಸರು ಆಗ ಗೊತ್ತಿರಲಿಲ್ಲ. ಬ್ರೌಸರ್ ತೆರೆದರೆ ನನ್ನ ಮಾಮೂಲು ಪುಟದ ಬದಲು ಕಂಡುಕೇಳದ ಹೆಸರಿನ ಹುಡುಕುತಾಣ ಬಂದು ಕೂರುತ್ತಿತ್ತು. ‘ಕುಂದಾಪುರಕ್ಕೆ ಬಸ್ಸು’ ಎಂದು ಹುಡುಕಿದರೆ ಮೊದಲ ಅರ್ಧ ಪುಟ ಸಾಲ ಕೊಡುವವರದ್ದು. ವಿಳಾಸ ಬರೆಯುವ ಜಾಗದ ಕೆಳಗೆ ಒಂದರ ಕೆಳಗೊಂದು ಮೂರು ಪಟ್ಟಿಗಳು ಬಂದು, ಓದುವ ಪುಟ ಕೆಳಕ್ಕೆ ಜಾರಿತ್ತು. ನಮ್ಮ ಬಿಲ್ಡಿಂಗಿನ ಕೆಳಗಿರುವ ಕಿರಾಣಿ ಅಂಗಡಿಯಲ್ಲಿ ತೂಗುಬಿಟ್ಟ ಶಾಂಪೂ ಪೊಟ್ಟಣಗಳ ನಡುವಿನಿಂದ ಅಂಗಡಿಯವನ ಮುಖ ಹುಡುಕಬೇಕಲ್ಲ, ಹಾಗೆ ನಾನು ಪತ್ರಿಕೆಯ ತಲೆಬರಹ ಹುಡುಕುತ್ತಿದ್ದೆ.

ಜಾಹೀರಾತಿಗೆ ಹೆದರುವ ಪ್ರಾಣಿ ನಾನಲ್ಲ. ಮೂವತ್ಮೂರು ವರ್ಷ ಡೊಂಬಿವಲಿಯಿಂದ ವಿ.ಟಿ. ಸ್ಟೇಶನ್ನಿಗೆ ಲೋಕಲ್‌ನಲ್ಲಿ ಹೋಗಿಬಂದವನು. (ಅದರ ಹೆಸರು ಎರಡು ಸಲ ಬದಲಾಗಿದೆ, ನನ್ನ ಬಾಯಿಯದ್ದು ಬದಲಾಗಿಲ್ಲ.) ಡಬ್ಬಿಯ ಗೋಡೆ ತುಂಬ ಬಂಗಾಲಿ ಬಾಬಾಗಳ ಚೀಟಿ: ಪ್ರೇಮವಿವಾಹ, ಸವತಿಯ ಕಾಟ, ಕೋರ್ಟು ಕೇಸು, ವಿದೇಶಯಾನ, ಎಲ್ಲದಕ್ಕೂ 24 ತಾಸಿನಲ್ಲಿ ಪರಿಹಾರ. ಅದರ ಪಕ್ಕ ಮನೆಯಲ್ಲೇ ಕುಳಿತು ತಿಂಗಳಿಗೆ ಇಷ್ಟು ಸಂಪಾದಿಸಿ ಎಂಬುದು. ಇವನ್ನೆಲ್ಲ ನೋಡದೆ ನೋಡುವ ವಿದ್ಯೆಯೊಂದು ಮುಂಬಯಿಯವರಿಗೆ ತನ್ನಿಂದ ತಾನೇ ಬರುತ್ತದೆ. ಮೂಗಿಗೆ ಮೂರಂಗುಲದ ದೂರದಲ್ಲಿ ಬಾಬಾ ಇದ್ದರೂ ಕಣ್ಣು ಅವನನ್ನು ದಾಟಿ ಠಾಣೆ ಊರಿನ ಖಾಡಿಯ ನೀರು ನೋಡುತ್ತಿರುತ್ತದೆ. ಆದರೆ ಆ ಬಾಬಾ ಮರ್ಯಾದಸ್ಥ. ನನ್ನ ಜೊತೆ ರೈಲಿಳಿದು, ರಿಕ್ಷಾ ಹತ್ತಿ, ಮನೆಗೆ ಬಂದು ನನ್ನ ಮೇಜಿನ ಮೇಲೆ ಕೂರಲಿಲ್ಲ.

ಇವು ಬೇರೆ ಜಾತಿಯವು. ಎರಡು ದಿನ ಕಾಟ ತಿಂದ ಮೇಲೆ ನನಗೆ ನೆನಪಾದದ್ದು ಬಾಬಾ ಅಲ್ಲ, ತಿಗಣೆ.

1981ರಲ್ಲಿ ಊರು ಬಿಟ್ಟು ಬಂದಾಗ ಪರೇಲ್‌ನ ಚಾಳೊಂದರ ಕೋಣೆಯಲ್ಲಿ ಏಳು ಜನ ಇದ್ದೆವು. ಎಲ್ಲರೂ ನಮ್ಮ ಕಡೆಯವರೇ. ಹಗಲು ಹೋಟೆಲು, ರಾತ್ರಿ ಶಾಲೆ ಎಂದು ಓಡುವವರು ಮೂವರು, ಉಳಿದವರು ನನ್ನಂಥ ಹೊಸ ಗುಮಾಸ್ತರು. ಇದ್ದದ್ದು ಎರಡು ಮಂಚ. ನಿಜವಾದ ಬಾಡಿಗೆದಾರರು ಆ ಮಂಚದ ಸಂದಿಗಳಲ್ಲಿದ್ದರು. ಪ್ರತಿ ಭಾನುವಾರ ಮಂಚಗಳನ್ನು ಗ್ಯಾಲರಿಗೆ ತಂದು ನೆಲಕ್ಕೆ ಕುಟ್ಟುವುದು, ಸಂದಿಗೆ ಕುದಿನೀರು ಹೊಯ್ಯುವುದು, ಸೀಮೆಎಣ್ಣೆ ಸವರುವುದು, ಟಿಕ್ ಟ್ವೆಂಟಿ ಎಂಬ ತಿಗಣೆ ಔಷಧ ಹೊಡೆದು ಮೂಗು ಮುಚ್ಚಿಕೊಂಡು ಓಡುವುದು. ಸೋಮವಾರ, ಮಂಗಳವಾರ ಸುಖನಿದ್ರೆ. ಬುಧವಾರ ಹನ್ನೆರಡರ ಸುಮಾರಿಗೆ ಯಾರೋ ಒಬ್ಬ ಕತ್ತಲಲ್ಲಿ ತೊಡೆ ಕೆರೆದುಕೊಳ್ಳುತ್ತ, “ಬಂದ್ವು ಮಾರಾಯ್ರೆ” ಎನ್ನುತ್ತಿದ್ದ. ವರ್ಷವಿಡೀ ಮಂಚವನ್ನೇ ದೂರಿದೆವು. ಗೋಡೆಯ ಬಿರುಕು, ಕ್ಯಾಲೆಂಡರಿನ ಹಿಂದು, ಟ್ರಂಕಿನ ಹಿಡಿಕೆಯ ಕೆಳಗು ಅಂತ ಅವುಗಳಿಗೆ ಬೇರೆ ಮನೆಗಳಿವೆ ಎಂದು ತಿಳಿಯುವಾಗ ನನ್ನ ಮದುವೆಯೇ ನಿಶ್ಚಯವಾಗಿತ್ತು.

ಅಷ್ಟು ಕಲಿತವನು ಈಗಲೂ ಮಾಡಿದ್ದು ಮಂಚ ಕುಟ್ಟುವ ಕೆಲಸವನ್ನೇ. ಬ್ರೌಸರನ್ನು ತೆಗೆದುಹಾಕಿದೆ, ಮತ್ತೆ ಹಾಕಿದೆ. ಲಾಗಿನ್ ಆದೆ. ಅವು ಬಂದವು. ಮತ್ತೊಮ್ಮೆ ತೆಗೆದೆ, ಈ ಸಲ ಸ್ನಾನ ಮಾಡಿ ಬಂದು ಹಾಕಿದೆ. ಮತ್ತೆ ಬಂದವು. ಕೊನೆಗೆ ಐರೋಳಿಯಲ್ಲಿ ಕೆಲಸ ಮಾಡುವ ಸೋದರಳಿಯನಿಗೆ ಫೋನು ಮಾಡಿದೆ. ಪೂರ್ತಿ ಫಾರ್ಮ್ಯಾಟ್ ಮಾಡಿಬಿಡೋಣವಾ ಎಂದೆ. “ಮಾವ, ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ? ಭಾನುವಾರ ಬರ್ತೇನೆ, ಅತ್ತೆಗೆ ನೀರ್‌ದೋಸೆಗೆ ಅಕ್ಕಿ ನೆನೆಹಾಕ್ಲಿಕ್ಕೆ ಹೇಳಿ” ಎಂದ.

ಬಂದವನು ವೈದ್ಯರ ಹಾಗೆ ಮೊದಲು ಏನೂ ಮುಟ್ಟಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಾಕಿಕೊಂಡ ಪ್ರೋಗ್ರಾಂಗಳ ಪಟ್ಟಿ ತೆರೆದು ತಾರೀಖಿನ ಪ್ರಕಾರ ಜೋಡಿಸಿದ. ಮೇಲಿನ ಐದಕ್ಕೂ ಒಂದೇ ತಾರೀಖು. “ಆ ದಿನ ಎಂತ ಮಾಡಿದ್ರಿ, ಮಾವ?”

ಪೊಲೀಸರೆದುರು ನಿಂತ ಹಾಗಾಯಿತು. ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಬಂದ ಲೇಖನಗಳನ್ನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡುವುದು ನನ್ನ ಪಾಲಿನ ಕೆಲಸ. ಹಳೆಯ ನುಡಿ ಅಕ್ಷರದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ಮಂತ್ರವಾದಿಯ ತಗಡಿನ ಹಾಗೆ ಕಾಣುತ್ತದೆ. ಪ್ರೆಸ್ಸಿನವರು ಪಿಡಿಎಫ್ ಮಾಡಿ ಕಳಿಸಿ ಎಂದರು. ವರ್ಡ್‌ನಿಂದ ಪಿಡಿಎಫ್ ಮಾಡುವ ಉಚಿತ ಪ್ರೋಗ್ರಾಂ ಹುಡುಕಿದೆ. ಒಂದು ಪುಟದಲ್ಲಿ ನಾಲ್ಕು ಡೌನ್‌ಲೋಡ್ ಗುಂಡಿಗಳಿದ್ದವು. ಅತಿ ದೊಡ್ಡದನ್ನು, ಹಸಿರು ಬಣ್ಣದ್ದನ್ನು ಒತ್ತಿದೆ. ಬಳಿಕ ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ನೆಕ್ಸ್ಟ್, ಫಿನಿಶ್. ನಡುವೆ ಒಂದು ಪುಟ, ‘ನೀವು ರೋಬೋ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದಿತು. ರೋಬೋ ಅಲ್ಲವಲ್ಲ ಎಂದು ಒತ್ತಿದೆ. ಕೆಳಮೂಲೆಯಿಂದ ಚೌಕಗಳನ್ನು ಕಳಿಸಲು ಆ ಪುಟಕ್ಕೆ ನಾನೇ ಬರೆದುಕೊಟ್ಟ ಪರವಾನಗಿ ಅದು ಎಂದು ಅಳಿಯ ಹೇಳಿದ.

ಆಮೇಲೆ ವರ್ಡ್ ತೆರೆದು, ಸೇವ್ ಆ್ಯಸ್ ಒತ್ತಿ, ಕೆಳಗಿನ ಪಟ್ಟಿಯಲ್ಲಿ ಪಿಡಿಎಫ್ ಎಂಬುದನ್ನು ಬೆರಳಿಟ್ಟು ತೋರಿಸಿದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆಯನ್ನು ಅವನಿಗೆ ಚಿಕ್ಕಂದಿನಲ್ಲಿ ಹೇಳಿದವನು ನಾನೇ. ಪುಣ್ಯಕ್ಕೆ ಅವನು ಅದನ್ನು ಎತ್ತಲಿಲ್ಲ.

“ಓದಿ ಒತ್ಬೇಕು ಮಾವ. ಪ್ರತಿ ಪುಟದಲ್ಲೂ ಒಂದು ಚೌಕಕ್ಕೆ ಮೊದಲೇ ಟಿಕ್ ಹಾಕಿರ್ತಾರೆ. ನಿಮ್ಮ ಕಂಪ್ಯೂಟರಿಗೆ ಆ ಪಟ್ಟಿಯಂಥ ಒಂದು ಟೂಲ್‌ಬಾರ್ ಹೊಕ್ಕಿಸಿದ್ರೆ ಅವರಿಗೆ ಇಂತಿಷ್ಟು ದುಡ್ಡು. ಉಚಿತ ಅಂದ್ರೆ ಅದೇ.”

ಮೊದಲೇ ಹಾಕಿಟ್ಟ ಟಿಕ್ ಎಂದ ಕೂಡಲೆ ನನ್ನ ಕಿವಿ ಬಿಸಿಯಾಯಿತು. ಬ್ಯಾಂಕಿನಲ್ಲಿ ನಾನು ಅರ್ಜಿಗಳ ಕೌಂಟರಿನಲ್ಲಿ ಕೂತು ಮಾಡಿದ ಕೆಲಸವೇನು? ಖಾತೆಯ ಅರ್ಜಿ, ಸಾಲದ ಪತ್ರ, ಜಾಮೀನು ಪತ್ರ ಯಾವುದಿದ್ದರೂ ಸಹಿ ಬೀಳಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಸಣ್ಣ ಇಂಟು ಗುರುತು ಹಾಕಿ, ಹಾಳೆ ತಿರುಗಿಸಿ ಮುಂದೆ ತಳ್ಳುತ್ತಿದ್ದೆ. ‘ಇಲ್ಲಿ, ಇಲ್ಲಿ, ಮತ್ತೆ ಹಿಂದುಗಡೆ.’ ಒಮ್ಮೆ ಒಬ್ಬ ಮುದುಕರು ಜೇಬಿನಿಂದ ಭೂತಗನ್ನಡಿ ತೆಗೆದು ಮೊದಲ ಸಾಲಿನಿಂದ ಓದತೊಡಗಿದರು. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ನಾನು, “ಅಜೋಬಾ, ಹಿಂದೆ ಲೈನ್ ಇದೆ” ಎಂದುಬಿಟ್ಟೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಲೈನನ್ನು ನೋಡಿ ಇಂಟು ಗುರುತಿನ ಮೇಲೆ ಸಹಿ ಮಾಡಿದರು. ಆ ಪೆನ್ಸಿಲನ್ನೇ ಯಾರೋ ಹಸಿರು ಗುಂಡಿ ಮಾಡಿ ನನಗೆ ತಿರುಗಿ ಕೊಟ್ಟಿದ್ದಾರೆ. ಇದನ್ನು ಅಳಿಯನಿಗೆ ಹೇಳಲಿಲ್ಲ. ಒಂದು ದಿನಕ್ಕೆ ಎಷ್ಟು ತಪ್ಪೊಪ್ಪಿಗೆ?

ಕೀಳುವ ಕೆಲಸ ಶುರುವಾಯಿತು. ಐದರಲ್ಲಿ ಒಂದು ತೆಪ್ಪಗೆ ಹೋಯಿತು. ಎರಡನೆಯದು ಅತ್ತುಕರೆಯಿತು: ನಿಜವಾಗಿಯೂ ಹೋಗಲೇಬೇಕೇ, ಇನ್ನೊಮ್ಮೆ ಯೋಚಿಸಿ. ‘ಇರಲಿ’ ಎನ್ನುವ ಗುಂಡಿ ಪರಾತದಷ್ಟು, ‘ತೆಗೆ’ ಎನ್ನುವುದು ಸಾಸಿವೆಯಷ್ಟು, ಅದೂ ಬೂದಿ ಬಣ್ಣದಲ್ಲಿ. ಉಳಿದವನ್ನೂ ಹೊರಗಟ್ಟಿ, ಬ್ರೌಸರಿಗೆ ಅಂಟಿಕೊಳ್ಳುವ ಸಣ್ಣ ಪ್ರೋಗ್ರಾಂಗಳಾದ ಎಕ್ಸ್‌ಟೆನ್ಶನ್‌ಗಳಿಗೆ ಬಂದರೆ ಅಲ್ಲೊಂದಕ್ಕೆ ತೆಗೆಯುವ ಗುಂಡಿಯೇ ಇಲ್ಲ. ‘ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂದು ಬರೆದಿತ್ತು. ನಿವೃತ್ತನಾಗಿ ಇಷ್ಟು ಕಾಲವಾಯಿತು, ನನ್ನನ್ನು ನಿರ್ವಹಿಸುವ ಸಂಸ್ಥೆ ಒಳಗೆ ದೋಸೆ ಹೊಯ್ಯುತ್ತಿದೆ, ಇದ್ಯಾವುದು? ಆಫೀಸುಗಳವರು ತಮ್ಮ ನೂರಾರು ಕಂಪ್ಯೂಟರುಗಳಿಗೆ ಒಂದೇ ಕಟ್ಟಳೆ ಹಾಕಲೆಂದು ವಿಂಡೋಸ್‌ನ ರಿಜಿಸ್ಟ್ರಿ ಎಂಬ ಸೆಟ್ಟಿಂಗುಗಳ ಕಡತದಲ್ಲಿ ಪಾಲಿಸಿ ಎಂಬ ಏರ್ಪಾಡಿದೆಯಂತೆ. ಆ್ಯಡ್‌ವೇರ್ ಅಲ್ಲಿ ತನ್ನದೇ ಒಂದು ಸಾಲು ಬರೆದು ನನ್ನ ಮನೆಯನ್ನೇ ಆಫೀಸು ಮಾಡಿತ್ತು. ಪಾಲಿಸಿಯೆಂದರೆ ನನಗೆ ಗೊತ್ತಿದ್ದದ್ದು ಎಲ್‌ಐಸಿಯದ್ದು, ಅದು ಕೊನೆಗಾದರೂ ಏನಾದರೂ ಕೊಡುತ್ತದೆ. ಅಳಿಯ ಆ ಸಾಲನ್ನು ಅಳಿಸಿದ ಮೇಲೆ ಗುಂಡಿ ಕಾಣಿಸಿಕೊಂಡಿತು.

ಗೋಡೆಯ ಬಿರುಕುಗಳು ಇನ್ನೂ ಇದ್ದವು. ಬ್ರೌಸರಿನ ಶಾರ್ಟ್‌ಕಟ್ ಚಿತ್ರದ ಗುಣಲಕ್ಷಣ ತೆರೆದರೆ, ಪ್ರೋಗ್ರಾಂ ಇರುವ ಜಾಗದ ವಿಳಾಸದ ಬಾಲಕ್ಕೆ ಆ ಹಾಳು ಹುಡುಕುತಾಣದ ವಿಳಾಸ ಕಟ್ಟಿತ್ತು. ಬ್ರೌಸರಿನ ಒಳಗೆ ಎಷ್ಟು ಸಲ ಮೊದಲ ಪುಟ ಬದಲಿಸಿದರೂ ಬಾಗಿಲಲ್ಲೇ ಆ ಚೀಟಿ ಅಂಟಿತ್ತಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ‘ಅಪ್‌ಡೇಟ್’ ಎಂಬ ಸಭ್ಯ ಹೆಸರಿಟ್ಟುಕೊಂಡ ಒಂದು ಕೆಲಸ ತಾಸಿಗೊಮ್ಮೆ ಎದ್ದು, ಕಿತ್ತದ್ದನ್ನು ಮತ್ತೆ ನೆಟ್ಟು ಮಲಗುತ್ತಿತ್ತು. ಇನ್ನು ನನ್ನ ಸ್ನಾನಮಡಿ ಏಕೆ ಫಲಿಸಲಿಲ್ಲವೆಂದರೆ, ಲಾಗಿನ್ ಆದೊಡನೆ ಸಿಂಕ್ ಎಂಬುದು ನನ್ನ ಹಳೆಯ ಬುಕ್‌ಮಾರ್ಕುಗಳ ಜೊತೆಗೆ ಎಕ್ಸ್‌ಟೆನ್ಶನ್‌ಗಳನ್ನೂ ನನ್ನ ಆನ್‌ಲೈನ್ ಖಾತೆಯಿಂದ ಇಳಿಸಿಕೊಡುತ್ತಿತ್ತು. ಹೊಸ ಕೋಣೆಗೆ ಹಳೆಯ ಹಾಸಿಗೆ ಹೊತ್ತವನು ನಾನೇ.

“ಇದಕ್ಕೆಲ್ಲ ಪೊಲೀಸರಿಲ್ವಾ?” ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು. ಅಳಿಯ ದೋಸೆ ಹರಿಯುತ್ತ ಹೇಳಿದ ಸಂಗತಿ ನನಗೆ ಬಹಳ ಹಿಡಿಸಿತು. ಇವಕ್ಕೆ ಆ್ಯಂಟಿವೈರಸ್‌ನವರು ಇಟ್ಟ ಹೆಸರು ‘ಪಪ್’, ಅಂದರೆ ಬೇಡವಾಗಿರಬಹುದಾದ ಪ್ರೋಗ್ರಾಂ. ವೈರಸ್ ಎಂದರೆ ಅವನ್ನು ಮಾಡಿದವರು ಜಗಳಕ್ಕೆ ಬರುತ್ತಾರೆ, ನೀವೇ ಐ ಅಗ್ರೀ ಒತ್ತಿದ್ದೀರಲ್ಲ ಎನ್ನುತ್ತಾರೆ. ಅಮೆರಿಕದ ಝಾಂಗೋ ಎಂಬ ಆ್ಯಡ್‌ವೇರ್ ಕಂಪನಿ, ತನ್ನ ಪ್ರೋಗ್ರಾಂಗಳನ್ನು ತಡೆದದ್ದಕ್ಕೆ ಆ್ಯಂಟಿವೈರಸ್ ಕಂಪನಿಯಾದ ಕ್ಯಾಸ್ಪರ್‌ಸ್ಕಿಯ ಮೇಲೆ ಕೇಸೇ ಹಾಕಿತ್ತು. 2006ರಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ರಾಜಿಯಲ್ಲಿ 30 ಲಕ್ಷ ಡಾಲರ್ ಕಕ್ಕಲು ಒಪ್ಪಿದ್ದ ಕಂಪನಿಯೇ ಅದು. 2009ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಕ್ಯಾಸ್ಪರ್‌ಸ್ಕಿಯ ಪರವಾಗಿಯೇ ತೀರ್ಪು ಕೊಟ್ಟಿತು. ಟಿಕ್ ಟ್ವೆಂಟಿ ಹೊಡೆದವನ ಮೇಲೆ ತಿಗಣೆ ಕೋರ್ಟಿಗೆ ಹೋದ ಕಥೆಯನ್ನು ಪರೇಲ್‌ನ ಆ ಏಳು ಜನರಲ್ಲಿ ಉಳಿದವರಿಗೆ ಅಂದೇ ಫೋನು ಮಾಡಿ ಹೇಳಿದೆ. ಹೊಸ ಯಂತ್ರ ಕೊಂಡರೆ ಪಾರಾಗುತ್ತೇವೆಂದೂ ಇಲ್ಲವಂತೆ. ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತೂರಿಸುವ ಪ್ರೋಗ್ರಾಂ ಹಾಕಿಯೇ ಮಾರಿದ್ದು 2015ರ ಫೆಬ್ರುವರಿಯಲ್ಲಿ ದೊಡ್ಡ ಗಲಾಟೆಯಾಯಿತು. ಮಂಚದಂಗಡಿಯಿಂದಲೇ ತಿಗಣೆ ಸಮೇತ ಬಂದ ಹಾಗೆ.

ಕೊನೆಗೆ ಆ್ಯಡ್‌ಡಬ್ಲ್ಯುಕ್ಲೀನರ್ ಎಂಬ ಸಣ್ಣ ಉಚಿತ ಉಪಕರಣ ಓಡಿಸಿದ. ಅದನ್ನು ಮೊದಲು ಬರೆದವರು ಬೇರೆ, 2016ರಿಂದ ಅದು ಕಂಪ್ಯೂಟರ್ ಭದ್ರತೆಯ ಕಂಪನಿ ಮಾಲ್‌ವೇರ್‌ಬೈಟ್ಸ್‌ನ ಆಸ್ತಿ. ಉಚಿತ ಎಂಬ ಮಾತು ಕೇಳಿ ನಾನು ಕುರ್ಚಿಯಲ್ಲಿ ಹಿಂದೆ ಸರಿದೆ. ಅದನ್ನು ಅವನು ಕಂಪನಿಯ ಸ್ವಂತ ತಾಣದಿಂದ, ತನ್ನ ಮನೆಯ ಕಂಪ್ಯೂಟರಿನಲ್ಲೇ ಇಳಿಸಿ ಪೆನ್ ಡ್ರೈವಿನಲ್ಲಿ ತಂದಿದ್ದ. ನನ್ನ ಯಂತ್ರದಲ್ಲಿ ಹುಡುಕಿದ್ದರೆ ಕಳ್ಳನ ಹತ್ತಿರವೇ ಪೊಲೀಸ್ ಠಾಣೆಯ ದಾರಿ ಕೇಳಿದಂತಾಗುತ್ತಿತ್ತು, ಆ ಹೆಸರಿನ ಸೋಗು ಹಾಕಿಕೊಂಡ ನಕಲಿಗಳೂ ಇದ್ದವಂತೆ. ಉಪಕರಣ ಇನ್ನೂ ಹನ್ನೊಂದು ಮರಿಗಳನ್ನು ಹಿಡಿದು ಪಟ್ಟಿ ಕೊಟ್ಟು, ಯಂತ್ರವನ್ನು ಒಮ್ಮೆ ಮಲಗಿಸಿ ಎಬ್ಬಿಸಿತು. ಪಟ್ಟಿಗಳಿಲ್ಲ, ಚೌಕಗಳಿಲ್ಲ. ಕುಂದಾಪುರದ ಬಸ್ಸು ಕುಂದಾಪುರದ ಬಸ್ಸೇ ಆಗಿತ್ತು. “ವೆಸ್ಟಿನವಳು ಹೋದ್ಳಾ?” ಎಂದಳು ಹೆಂಡತಿ. ಯಾವ ದಿಕ್ಕೆಂದು ತಾನೇ ನಿರ್ಧರಿಸಿಬಿಟ್ಟಿದ್ದಳು.

ಸ್ಮರಣ ಸಂಚಿಕೆಯ ಸಂಪಾದಕರಿಗೆ ಕಾಗದದ ಮೇಲಲ್ಲದೆ ಓದಲು ಬರುವುದಿಲ್ಲ. ಸೋಮವಾರ ಸಂಜೆ, ಸೇವ್ ಆ್ಯಸ್ ಮಾಡಿದ ಪಿಡಿಎಫ್‌ಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಸ್ಟೇಶನ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದೆ. ಹುಡುಗ ಅದನ್ನು ತೆಗೆದುಕೊಂಡು, ನಾನು ಬಾಯಿ ತೆರೆಯುವ ಮೊದಲೇ ತನ್ನ ಯಂತ್ರಕ್ಕೆ ಚುಚ್ಚಿದ. ಅವನ ಸ್ಕ್ರೀನ್ ನೋಡಿದೆ. ಒಂದರ ಕೆಳಗೊಂದು ನಾಲ್ಕು ಪಟ್ಟಿಗಳು. ಬಲಗಡೆಯ ಕೆಳಮೂಲೆಯಿಂದ ಚೌಕಗಳು ಏಳುತ್ತಿದ್ದವು, ಒಂದರಲ್ಲಿ ನನ್ನ ಹಳೆಯ ಹೊಟ್ಟೆ ಕರಗಿಸುವವನೂ ಇದ್ದ. ಹುಡುಗ ಅತ್ತ ನೋಡದೆಯೇ, ರೈಲಿನಲ್ಲಿ ಬಾಬಾನನ್ನು ದಾಟುವ ಆ ಕಣ್ಣಿನಲ್ಲಿ, ಒಂದೊಂದರ ಮೂಲೆಯನ್ನೂ ಟಕ್ಕನೆ ಒತ್ತಿ ಮುಚ್ಚುತ್ತ, “ಕಾಕಾ, ಎರಡೂ ಬದಿಗೆ ಹೊಡೀಲಾ?” ಎಂದ.

ಪ್ರಿಂಟು ಚೆನ್ನಾಗಿ ಬಂದಿದೆ. ಪೆನ್ ಡ್ರೈವ್ ಮಾತ್ರ ಅಂದಿನಿಂದ ಫ್ರಿಜ್ಜಿನ ಮೇಲೆ, ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಳ ಬಿಗಿದು ಕೂತಿದೆ. ಅಳಿಯ ಬರುವುದು ಮುಂದಿನ ಭಾನುವಾರ.