ನಡುಗೋಡೆ ಬೇರೆ, ಸೈನಸ್ ಬೇರೆ
“ಮೂಗಿನ ನಡುಗೋಡೆ ನೆಟ್ಟಗಾದರೆ ಸೈನಸ್ ತಾನಾಗಿ ವಾಸಿಯಾಗುತ್ತದೆ” ಎಂಬ ಲೇಖನವೊಂದರ ಮಾತನ್ನು ಒಪ್ಪಲಾಗದು. ನಡುಗೋಡೆ ಅಷ್ಟಿಷ್ಟು ಸೊಟ್ಟಗಿರುವವರು ನಮ್ಮಲ್ಲಿ ಬಹಳ ಜನ, ತೊಂದರೆಯಾಗುವುದು ಕೆಲವರಿಗಷ್ಟೇ. ಸೆಪ್ಟೋಪ್ಲಾಸ್ಟಿಯಿಂದ (ನಡುಗೋಡೆ ನೆಟ್ಟಗೆ ಮಾಡುವ ಸರ್ಜರಿ) ಉಸಿರಾಟದ ದಾರಿ ಬಿಡುವಾಗುತ್ತದೆ, ನಿಜ. ಆದರೆ 12 ವಾರ ದಾಟಿದ ಸೈನಸೈಟಿಸ್ ಮುಖ್ಯವಾಗಿ ಮೂಗು ಮತ್ತು ಅದರ ಸುತ್ತಲಿನ ಮೂಳೆಯ ಗೂಡುಗಳ (ಸೈನಸ್‌ಗಳ) ಒಳಪೊರೆಯ ಉರಿಯೂತ. ಗೋಡೆ ಸರಿಮಾಡಿದರೆ ಅದು ಹೋಗಲೇಬೇಕೆಂದಿಲ್ಲ.

ಸರ್ಜರಿಯ ಮಾತಿಗೆ ಮುಂಚೆ ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ, ಉಪ್ಪುನೀರಿನಿಂದ ಮೂಗಿನ ತೊಳೆತ ಎರಡನ್ನೂ ಆರೆಂಟು ವಾರ ತಪ್ಪದೆ ಮಾಡಿರಬೇಕು. “ಸ್ಪ್ರೇ ಕೆಲಸ ಮಾಡಲಿಲ್ಲ” ಅನ್ನುವವರಲ್ಲಿ ಅನೇಕರು ಹೊಡೆಯುವ ದಿಕ್ಕೇ ತಪ್ಪು. ತಲೆ ತುಸು ಮುಂದೆ ಬಗ್ಗಿಸಿ, ಎಡ ಹೊಳ್ಳೆಗೆ ಬಲಗೈಯಿಂದ, ತುದಿ ಎಡಗಿವಿಯ ಕಡೆಗಿರುವಂತೆ ಹೊಡೆಯಬೇಕು. ಜೋರಾಗಿ ಒಳಗೆಳೆದರೆ ಔಷಧ ಗಂಟಲು ಸೇರುತ್ತದೆ. ನಡುಗೋಡೆಗೆ ಬಿದ್ದರೆ ಅಲ್ಲಿ ಒಣಗಿ ರಕ್ತ ಬರುತ್ತದೆ, ಆಮೇಲೆ ಹೆದರಿ ಸ್ಪ್ರೇಯನ್ನೇ ಬಿಡುತ್ತಾರೆ. ತೊಳೆಯಲು ಕುದಿಸಿ ಆರಿಸಿದ ನೀರೇ ಆಗಬೇಕು, ನಲ್ಲಿ ನೀರು ಬೇಡ. ಕಟ್ಟಿದ ಮೂಗು ಬಿಡಿಸುವ ಆಕ್ಸಿಮೆಟಜೋಲಿನ್ ಹನಿಗಳನ್ನು ಕೆಲವೇ ದಿನಕ್ಕೆ ನಿಲ್ಲಿಸದಿದ್ದರೆ ಅವೇ ಮೂಗು ಕಟ್ಟಿಸುತ್ತವೆ.

ಸಿಟಿ ಸ್ಕ್ಯಾನ್ ಇಷ್ಟೆಲ್ಲ ಆದ ಮೇಲೆ, ನೆಗಡಿ ಇಲ್ಲದಾಗ. ನೆಗಡಿಯಲ್ಲಿ ತೆಗೆದರೆ ಆರೋಗ್ಯವಂತರ ಸೈನಸ್ ಕೂಡ ತುಂಬಿದಂತೆ ಕಾಣುತ್ತದೆ. ಎಂಡೋಸ್ಕೋಪಿಯನ್ನೇ (ಸಣ್ಣ ಕ್ಯಾಮೆರಾದಿಂದ ಮೂಗಿನೊಳಗೆ ನೋಡುವ ಪರೀಕ್ಷೆ) ಮಾಡದೆ ಆಪರೇಷನ್ ದಿನ ಗೊತ್ತುಮಾಡುವ ವೈದ್ಯರಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಮೂಗು ಕಟ್ಟದೆ, ಕಫವಿಲ್ಲದೆ ಬರೀ ಹಣೆನೋವಿದ್ದರೆ ಅದು ಮೈಗ್ರೇನ್ ಇರುವ ಸಂಭವವೇ ಹೆಚ್ಚು. ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟು) ಇದ್ದವರಿಗಂತೂ ಸರ್ಜರಿಯ ನಂತರವೂ ಸ್ಪ್ರೇ, ತೊಳೆತ ತಪ್ಪುವುದಿಲ್ಲ. ಲೇಖನ ಇದನ್ನು ಹೇಳಿಯೇ ಇಲ್ಲ.