ಮೊದಲು ಮನೆ, ಆಮೇಲೆ ನಕ್ಷೆ

ಬೆಂಗಳೂರಿನಲ್ಲಿ ನಿಯಮ ಮೀರಿದ ಆಸ್ತಿಗಳಿಗೆ ಪಾಲಿಕೆ ಕೊಡುತ್ತಿದ್ದ ಬಿ ಖಾತೆಗೆ 2025ರಲ್ಲಿ ಬಡ್ತಿ ಸಿಕ್ಕ ಸುದ್ದಿ ನಿಮಗೆ ಗೊತ್ತೇ ಇದೆ. ಸರ್ಕಾರವೇ ಗೊತ್ತುಮಾಡಿದ ಮಾರ್ಗಸೂಚಿ ದರದ ಶೇ 5ರಷ್ಟು ಕಟ್ಟಿದರೆ ಅದೂ ಸಕ್ರಮವಾದ ಎ ಖಾತೆ ಎಂದು ಆಗ ಹೇಳಿದರು. ತೆರಿಗೆ ಕಟ್ಟುವಾಗ ಪಾಲಿಕೆಯ ಮಗುವಾಗಿ, ಸಾಲ ಕೇಳುವಾಗ ಬ್ಯಾಂಕಿನ ಬಾಗಿಲಲ್ಲಿ ಅನಾಥವಾಗಿ ನಿಲ್ಲುತ್ತಿದ್ದ ರೆವಿನ್ಯೂ ಸೈಟುಗಳಿಗೆ (ಹೊಲವನ್ನು ಮಂಜೂರಾತಿಯಿಲ್ಲದೆ ತುಂಡರಿಸಿದವು) ಕೊನೆಗೂ ಗೋತ್ರ ಸಿಕ್ಕಿತು. ಸಂತೋಷ.

ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಪಾರ್ಕು ಎಂದು ಈ ಊರಿಗೆ ಹೇಳುವ ಗ್ರಂಥ ಪರಿಷ್ಕೃತ ಮಾಸ್ಟರ್ ಪ್ಲ್ಯಾನ್ 2015. ಮಂಜೂರಾದದ್ದು 2007ರಲ್ಲಿ. 2031ರ ಹೆಸರಿನ ಕರಡು 2017ರಲ್ಲಿ ಬಂದು, ಆಕ್ಷೇಪಣೆ ಹೊತ್ತು ಮಲಗಿತು. ಈಗ 2041ರ ಮಾತು. ಊರು ಎಲ್ಲೆಲ್ಲಿ ಬೆಳೆಯಿತು ಎಂದು ಕಾದು ನೋಡಿ ಆಮೇಲೆ ಯೋಜನೆ ಬರೆದರೆ ತಪ್ಪುವ ಭಯವೇ ಇಲ್ಲವಲ್ಲ. ಇನ್ನು ಬಣ್ಣಗಳ ವಿಷಯ. ವಸತಿಗೆ ಹಳದಿ, ಉದ್ಯಾನಕ್ಕೆ ಹಸಿರು. ಹಸಿರು ಹಳದಿಯಾಗಲು 1961ರ ಯೋಜನಾ ಕಾಯ್ದೆಯ 14ಎ ಕಲಮಿನಲ್ಲಿ ದಾರಿಯಿದೆ: ಪತ್ರಿಕೆಯ ಮೂಲೆಯಲ್ಲೊಂದು ಪ್ರಕಟಣೆ, ಶುಲ್ಕ, ಒಂದಿಷ್ಟು ತಾಳ್ಮೆ. ಹಳದಿ ಹಸಿರಾದದ್ದನ್ನು ಮಾತ್ರ ನಾನು ಕಂಡಿಲ್ಲ.

ಮಂಜೂರಾದ ನಕ್ಷೆಯಂಥ ಸೊಗಸಾದ ಕಾದಂಬರಿ ಕನ್ನಡದಲ್ಲಿ ಕಡಿಮೆ. ಥರ್ಟಿ-ಫಾರ್ಟಿ ಸೈಟಿನ ಸುತ್ತ ಗಾಳಿಗೆ ಜಾಗ, ಕೆಳಗೆ ಕಾರಿಗೆ ಜಾಗ, ಮೂಲೆಯಲ್ಲಿ ಇಂಗುಗುಂಡಿ, ಗೇಟಿನ ಬಳಿ ದುಂಡಗೆ ಬರೆದ ಒಂದು ಮರ. ಸ್ಥಳಕ್ಕೆ ಹೋದರೆ ಕಾರಿನ ಜಾಗದಲ್ಲಿ ಬೇಕರಿ, ಗಾಳಿಯ ಜಾಗದಲ್ಲಿ ಮೆಟ್ಟಿಲು. ಮರ ಇನ್ನೂ ಕಾಗದದಲ್ಲೇ ಇದೆ.

ಇದೇ ಜನ ವಾಸ್ತುವಿನ ಮುಂದೆ ಎಂಥ ಕಾನೂನುಪಾಲಕರು ಗೊತ್ತೇ? ಆಯ, ಅಂದರೆ ವಾಸ್ತುವಿನ ಅಳತೆ ಲೆಕ್ಕ, ಕೂಡಿಬರಲಿಲ್ಲವೆಂದು ನಡುಮನೆಯನ್ನು ಅರ್ಧ ಅಡಿ ಕುಗ್ಗಿಸುತ್ತಾರೆ. ಅಡುಗೆಮನೆ ಆಗ್ನೇಯ ಬಿಟ್ಟು ಕದಲುವುದಿಲ್ಲ. ಈಶಾನ್ಯದಲ್ಲಿ ಟಾಯ್ಲೆಟ್ ಕಟ್ಟಿ ಕೋರ್ಟಿನಿಂದ ತಡೆಯಾಜ್ಞೆ ತಂದ ಧೀರ ಇನ್ನೂ ಹುಟ್ಟಿಲ್ಲ. ವಾಸ್ತು ಪಂಡಿತರು ನೋಟಿಸ್ ಕೊಡುವುದಿಲ್ಲ, ಜೆಸಿಬಿ ತರುವುದಿಲ್ಲ. 'ಯಜಮಾನರಿಗೆ ಆಗಿಬರಲ್ಲ' ಎನ್ನುತ್ತಾರೆ, ಅಷ್ಟೇ. ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಬಿಡಬೇಕಾದ ಜಾಗ, ಒತ್ತಿದರೆ ಹಿರಿಮಗನಿಗೆ ಹೆಣ್ಣು ಸಿಗುವುದಿಲ್ಲ ಎಂಬ ಒಂದು ಸಾಲನ್ನು ಬೈಲಾಗೆ ಸೇರಿಸಿದ್ದರೆ ಊರು ಇಷ್ಟು ಹೊತ್ತಿಗೆ ಉದ್ಧಾರವಾಗಿರುತ್ತಿತ್ತು. ಆದರೂ, ಸುಳ್ಳೇಕೆ, ಅಲ್ಲೂ ಅಕ್ರಮ-ಸಕ್ರಮ ಉಂಟು. ದೋಷ ಕಳೆಯಲೆಂದು ಮನೆಯಲ್ಲಿಡುವ ತಾಮ್ರದ ಪಿರಮಿಡ್ಡು.

ಸರ್ಕಾರದ ಪಿರಮಿಡ್ಡು ಇನ್ನೂ ದೊಡ್ಡದು. ಅಕ್ರಮ-ಸಕ್ರಮಕ್ಕೆಂದು 2007ರಲ್ಲಿ ಯೋಜನಾ ಕಾಯ್ದೆಗೆ ತಿದ್ದುಪಡಿ, 2014ರಲ್ಲಿ ನಿಯಮ: ಉಲ್ಲಂಘನೆ ಮನೆಯಲ್ಲಿ ಶೇ 50, ಅಂಗಡಿಯಲ್ಲಿ ಶೇ 25 ದಾಟದಿದ್ದರೆ ದಂಡ ಕಟ್ಟಿ ಪಾಸು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಓಸಿ (ನಕ್ಷೆಯಂತೆ ಕಟ್ಟಿದ್ದಾರೆಂಬ ಸ್ವಾಧೀನ ಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಎಂದಿತು. ಮೀಟರು ಸಿಗದೆ ಜನ ಬೊಬ್ಬೆ ಹಾಕಿದಾಗ ಸರ್ಕಾರಕ್ಕೆ ಸುಲಭದ ದಾರಿ ಹೊಳೆಯಿತು: 1200 ಚದರಡಿವರೆಗಿನ ಸೈಟಿನ ಸಣ್ಣ ಮನೆಗೆ ಓಸಿಯೇ ಬೇಡ. ನಕ್ಷೆಯಂತೆ ಕಟ್ಟಿದ್ದಾರೋ ಇಲ್ಲವೋ ಎಂದು ನೋಡುವ ರಗಳೆಯೇ ಹೋಯಿತು.

ಕೋರ್ಟಿನ ಆ ಡಿಸೆಂಬರ್ ಆದೇಶಕ್ಕೆ ಎರಡು ತಿಂಗಳ ಮುಂಚೆ, 2024ರ ಅಕ್ಟೋಬರಿನ ಮಳೆಯಲ್ಲಿ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತರು. ಅಕ್ರಮ ಕಟ್ಟಡ ಎಂದು ಆಮೇಲೆ ಸರ್ಕಾರ ಹೇಳಿತು. ಆಮೇಲೆ! ಬೀದಿಗೆ ಒಂದು ಲೋಡ್ ಮರಳು ಸುರಿದರೆ ಅರ್ಧ ಗಂಟೆಯಲ್ಲಿ ವಸೂಲಿಗೆ ಬರುವವರಿರುವ ಊರಿದು. ಮಹಡಿ ಮೇಲೆ ಮಹಡಿ ಎದ್ದದ್ದು ಯಾರಿಗೂ ಕಾಣಲಿಲ್ಲ ಎಂದರೆ ನಂಬಬೇಕೇ? ಕಾಣುತ್ತದೆ ಕಣ್ರೀ. ಕಂಡೇ ಸುಮ್ಮನಿರುತ್ತಾರೆ. ಇದರ ಮೇಲೆ ಜೋಕು ಬರೆದೂ ಬರೆದೂ ನನಗೇ ಸಾಕಾಗಿದೆ.

ನಮ್ಮ ಬೀದಿಯಲ್ಲಿ ಸುತ್ತ ಮೂರಡಿ ಬಿಟ್ಟು ಮನೆ ಕಟ್ಟಿದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಆ ಮೂರಡಿಗೆ ಈಗ ಎಡಬಲದ ಮನೆಗಳ ಎಸಿಗಳು ಬಿಸಿಗಾಳಿ ಊದುತ್ತವೆ. ಜಾಗ ಬಿಟ್ಟವರಿಗೆ ಶೇ 5 ವಾಪಸ್ ಕೊಡುವ ಯೋಜನೆಯೇನೂ ಇಲ್ಲ. ಎದುರುಮನೆಯವರು ನಾಲ್ಕನೇ ಮಹಡಿಗೆ ಪಿಲ್ಲರ್ ಎಬ್ಬಿಸಿದ್ದಾರೆ.

“ಏನ್ರೀ, ಪರ್ಮಿಷನ್ ಆಯ್ತಾ?” ಎಂದು ಮೇಷ್ಟ್ರು ಮೊನ್ನೆ ಕೇಳಿದರು.

“ಎಲ್ಲಿ ಮೇಷ್ಟ್ರೇ, ಇನ್ನೂ ಸ್ಕೀಮೇ ಬಿಟ್ಟಿಲ್ವಲ್ಲ!”